ಉಗುಳಿನಲ್ಲಿ ಅಯೋಡಿನ್ ನೋಡಬಹುದಂತೆ, ನಮ್ಮ ಶಾಲೆ ಮಕ್ಕಳಿಗೆ ಇದು ಆಗುತ್ತಾ?

ಕಪ್ಪುಹಲಗೆ (ಜಮಖಂಡಿ)

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಹದಿನೈದು ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ಹೋದ ತಿಂಗಳು ಮಕ್ಕಳ ಮೂತ್ರದಲ್ಲಿ ಅಯೋಡಿನ್ ಎಷ್ಟಿದೆ ಅಂತ ನೋಡಲು ಒಂದು ತಂಡ ಬಂದಿತ್ತು. ಸಣ್ಣ ಪ್ಲಾಸ್ಟಿಕ್ ಬಾಟಲಿ ಕೊಟ್ಟು ಹಿಡಿದುಕೊಂಡು ಬನ್ನಿ ಅಂದರು. ಗಂಡುಮಕ್ಕಳು ಓಡಿ ಹೋಗಿ ಓಡಿ ಬಂದರು. ಆರನೇ ಕ್ಲಾಸಿನ ಹುಡುಗಿಯರು ಮಾತ್ರ ಬಾಟಲಿಯನ್ನು ಕೈಯಲ್ಲಿ ಮುಚ್ಚಿಕೊಂಡು ಗೋಡೆ ಪಕ್ಕ ನಿಂತುಬಿಟ್ಟರು. ಶೌಚಾಲಯ ಒಂದೇ, ಅದರ ಬಾಗಿಲಿನ ಚಿಲಕ ಸರಿ ಇಲ್ಲ. ತುಂಬಿದ ಬಾಟಲಿ ಹಿಡಿದು ಎಲ್ಲರ ಎದುರು ಅಂಗಳ ದಾಟಿ ಬರಬೇಕು. ಇಬ್ಬರು ಅತ್ತರು. ಒಬ್ಬಳು ಬರುತ್ತಿಲ್ಲ ಟೀಚರ್ ಅಂದಳು, ನಾನೇ ಒಂದು ತಂಬಿಗೆ ನೀರು ಪೂರ್ತಿ ಕುಡಿಸಿ ಕೂರಿಸಿದೆ, ಆಮೇಲೆ ಕೊಟ್ಟಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಒಂದು ಪಟ್ಟಿ ಬಂತು, ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ನಂಬರ್. 100ಕ್ಕಿಂತ ಕಡಿಮೆ ಇದ್ದವರ ಹೆಸರಿಗೆ ಕೆಂಪು ಗೆರೆ. ಅದು ಊರಲ್ಲಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಒಂದು ಹುಡುಗಿಗೆ 62 ಬಂದಿತ್ತು, ಅವಳ ತಾಯಿ ಕಬ್ಬಿನ ಗದ್ದೆ ಕೆಲಸ ಬಿಟ್ಟು ಶಾಲೆಗೆ ಬಂದರು. "ಟೀಚರ್, ನನ್ನ ಮಗಳ ಬುದ್ಧಿ ಕಡಿಮೆ ಆಗುತ್ತಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಔಷಧಿ ಅಂಗಡಿಯಿಂದ ಯಾವುದೋ ಮಾತ್ರೆ ತಂದಿಟ್ಟುಕೊಂಡಿದ್ದಾರೆ.

ಈಗ ಯಾರೋ ಹೇಳಿದರು, ಉಗುಳಿನಲ್ಲೂ ಅಯೋಡಿನ್ ನೋಡಬಹುದು ಅಂತ. ಅದಾದರೆ ಹುಡುಗಿಯರಿಗೆ ನಾಚಿಕೆ ಇರಲ್ಲ. ನಿಜಾನಾ ಇದು? ಆ ನಂಬರ್ ಇದಕ್ಕಿಂತ ನಂಬಬಹುದಾ?

ಲ್ಯಾಬ್‌ಕೋಟು (ಬೆಳಗಾವಿ)

ಅಕ್ಕಾ, ನಾನು ಲ್ಯಾಬ್ ಟೆಕ್ನಿಶಿಯನ್, ಮೂತ್ರದ ಅಯೋಡಿನ್ ಮಾದರಿಗಳನ್ನು ಕೈಯಾರೆ ಮಾಡಿದ್ದೇನೆ. ಮೊದಲು ಒಂದು ಪ್ರಶ್ನೆ. ನೀವು ನೀರು ಕುಡಿಸಿದ ಹುಡುಗಿ ಮತ್ತು 62 ಬಂದ ಹುಡುಗಿ ಒಬ್ಬಳೇನಾ?

ಕಪ್ಪುಹಲಗೆ (ಜಮಖಂಡಿ)

ಹೌದು ಸರ್. ಅವಳೇ. ಯಾಕೆ?

ಲ್ಯಾಬ್‌ಕೋಟು (ಬೆಳಗಾವಿ)

ಹಾಗಾದರೆ ಕೇಳಿ. ಲ್ಯಾಬ್ ಅಳೆಯುವುದು ಒಂದು ಲೀಟರ್ ಮೂತ್ರಕ್ಕೆ ಎಷ್ಟು ಮೈಕ್ರೊಗ್ರಾಂ ಅಯೋಡಿನ್ ಅಂತ. ಒಂದು ಮಗುವಿನ ಮೈಯಿಂದ ದಿನಕ್ಕೆ 80 ಮೈಕ್ರೊಗ್ರಾಂ ಹೊರಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅವತ್ತು ಅರ್ಧ ಲೀಟರ್ ಮೂತ್ರ ಆದರೆ ನಂಬರ್ 160, ಒಂದು ಲೀಟರ್ ಆದರೆ 80. ಮಗು ಅದೇ, ಊಟ ಅದೇ, ಉಪ್ಪು ಅದೇ. ಒಂದು ತಂಬಿಗೆ ನೀರು ಕುಡಿದು ಅರ್ಧ ಗಂಟೆಗೆ ಕೊಟ್ಟ ಮೂತ್ರ ತೆಳ್ಳಗೆ ಇರುತ್ತದೆ, ನಂಬರ್ ಇಳಿಯುತ್ತದೆ. ಅದೇ ರೀತಿ ಶೌಚಾಲಯಕ್ಕೆ ಹೋಗಬಾರದು ಅಂತ ದಿನವೆಲ್ಲ ನೀರೇ ಕುಡಿಯದ ಹುಡುಗಿಗೆ ನಂಬರ್ ಸುಮ್ನೆ ಮೇಲೆ ಕಾಣುತ್ತದೆ. ಆ 62 ನೋಡಿ ಆ ತಾಯಿ ಹೆದರುವ ಕಾರಣ ಇಲ್ಲ. ನೀವೂ ನಿಮ್ಮ ಮೇಲೆ ಹಾಕ್ಕೋಬೇಡಿ, ನೀರು ಕುಡಿಸಿದ್ದು ತಪ್ಪಲ್ಲ. ಆ ನಂಬರನ್ನು ಹೆಸರಿನ ಮುಂದೆ ಬರೆದು ಕೆಂಪು ಗೆರೆ ಎಳೆದದ್ದು ತಪ್ಪು.

ನಾವು ತಿನ್ನುವ ಅಯೋಡಿನ್‌ನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ಕೊನೆಗೆ ಮೂತ್ರದಲ್ಲೇ ಹೋಗುತ್ತದೆ, ಅದಕ್ಕೇ ಮೂತ್ರ ನೋಡುತ್ತಾರೆ. ಆದರೆ ಅದು ಊರಿನ ಲೆಕ್ಕ. 6ರಿಂದ 12 ವರ್ಷದ ಮಕ್ಕಳು ಶಾಲೆಯಲ್ಲಿ ಒಟ್ಟಿಗೆ ಸಿಗುತ್ತಾರೆ, ಅವರ ಮನೆ ಉಪ್ಪೇ ಊರಿನ ಉಪ್ಪು, ಅದಕ್ಕೇ ಅವರನ್ನು ಆರಿಸುತ್ತಾರೆ. ಎಲ್ಲರ ನಂಬರ್ ಸಾಲಾಗಿ ಜೋಡಿಸಿ ಸರಿಯಾಗಿ ನಡುವಿನದನ್ನು ತೆಗೆಯುತ್ತಾರೆ. ಆ ನಡುವಿನ ನಂಬರ್ 100ರಿಂದ 199 ಇದ್ದರೆ ಆ ಊರಿಗೆ ಅಯೋಡಿನ್ ಸಾಕಷ್ಟು ಸಿಗುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಗರ್ಭಿಣಿಯರಿಗೆ ಅದು 150ರಿಂದ 249. 100 ಅನ್ನುವುದು ಒಂದು ಮಗುವಿಗೆ ಪಾಸು ಮಾರ್ಕು ಅಲ್ಲವೇ ಅಲ್ಲ.

ಉಗುಳಿನ ವಿಷಯ ಊಟ ಆದ ಮೇಲೆ ಬರೆಯುತ್ತೇನೆ.

ಲೆಕ್ಕದ ಹುಡುಗ (ಗೋಕಾಕ)

ನಾನು ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ, ಲ್ಯಾಬ್‌ಕೋಟು ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಟೀಚರ್, ನಿಮ್ಮ ಮಕ್ಕಳು ಪ್ರತಿ ಸಂಜೆ ಎಷ್ಟು ಹೊತ್ತು ಆಡುತ್ತಾರೆ ಅಂತ ನೋಡಬೇಕು ಅಂದ್ಕೊಳ್ಳಿ. ಒಂದೇ ಸಂಜೆ ಹೋಗಿ ನೋಡಿದರೆ ಒಬ್ಬನಿಗೆ ಅವತ್ತು ಜ್ವರ, ಇನ್ನೊಬ್ಬನ ಮನೆಗೆ ನೆಂಟರು, ಮತ್ತೊಬ್ಬ ಕತ್ತಲಾದರೂ ಮನೆಗೆ ಹೋಗಿಲ್ಲ. ಯಾರು ಆಡುವ ಹುಡುಗ, ಯಾರು ಅಲ್ಲ ಅಂತ ಆ ಒಂದು ಸಂಜೆಯಿಂದ ಹೇಳೋಕೆ ಆಗಲ್ಲ. ಆದರೆ ಊರಿನ ಮಕ್ಕಳು ಒಟ್ಟಾರೆ ಎಷ್ಟು ಆಡುತ್ತಾರೆ ಅನ್ನುವುದು ಸಿಗುತ್ತದೆ. ಒಬ್ಬರ ಏರು ಇನ್ನೊಬ್ಬರ ಇಳಿತಕ್ಕೆ ಸರಿಹೋಗುತ್ತದೆ. ಒಬ್ಬ ಮನುಷ್ಯನ ಬಗ್ಗೆಯೇ ನಂಬುವ ಹಾಗೆ ಹೇಳಬೇಕಾದರೆ ಬೇರೆ ಬೇರೆ ದಿನ ಹತ್ತು ಸಲ ಆದರೂ ಮೂತ್ರ ನೋಡಬೇಕಾಗುತ್ತದೆ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. 100ಕ್ಕಿಂತ ಕೆಳಗೆ ಇಷ್ಟು ಮಕ್ಕಳು, ಅಂದರೆ ಇಷ್ಟು ಮಕ್ಕಳಿಗೆ ಕೊರತೆ ಅಂತ ಎಣಿಸಿಬಿಡುತ್ತಾರೆ. ನಡುವಿನ ನಂಬರ್ ಚೆನ್ನಾಗಿರುವ ಊರಲ್ಲೂ ಒಂದೇ ದಿನದ ಮಾದರಿಯಲ್ಲಿ ಬೇಕಾದಷ್ಟು ಮಕ್ಕಳು 100ಕ್ಕಿಂತ ಕೆಳಗೆ ಬೀಳುತ್ತಾರೆ, ಮರುದಿನ ನೋಡಿದರೆ ಬೀಳುವವರು ಬೇರೆ ಮಕ್ಕಳು.

ನಿಮ್ಮ ಹತ್ತಿರ ಪಟ್ಟಿ ಇದೆ ಅಂದಿರಲ್ಲ, ಸಾಲಾಗಿ ಜೋಡಿಸಿದರೆ ನಡುವಿನದು ಎಷ್ಟು ಬರುತ್ತದೆ?

ಕಪ್ಪುಹಲಗೆ (ಜಮಖಂಡಿ)

ಈಗಷ್ಟೇ ಕೂತು ಜೋಡಿಸಿದೆ. ನಡುವೆ 131 ಬಂತು. ಆ ತಾಯಿಯ ಮುಖ ನೆನಪಾಗಿ ಕಣ್ಣು ತುಂಬಿತು. ಇಷ್ಟನ್ನು ಯಾರಾದರೂ ಅವತ್ತೇ ಹೇಳಿದ್ದರೆ...

ಲೆಕ್ಕದ ಹುಡುಗ (ಗೋಕಾಕ)

131 ಒಳ್ಳೆಯದೇ, ಆದರೆ ಒಂದು ಶಾಲೆಯಿಂದ ತಾಲ್ಲೂಕಿನ ಮಾತು ಹೇಳಬೇಡಿ. ಸರ್ವೆ ಮಾಡುವವರು ಸಾಮಾನ್ಯವಾಗಿ 30 ಕಡೆ ಆರಿಸಿ ಒಂದೊಂದು ಕಡೆ 30 ಮಕ್ಕಳಂತೆ ತೆಗೆದುಕೊಳ್ಳುತ್ತಾರೆ, ಅಂದರೆ 900.

ಕೃಷ್ಣೆ ತೀರ (ಬೀಳಗಿ)

ನನ್ನದೂ ಒಂದು ಪ್ರಶ್ನೆ ರೀ. ನಮ್ಮಲ್ಲಿ ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ಜಾಸ್ತಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲದೆ ಹಬ್ಬವೇ ಇಲ್ಲ. ಸಜ್ಜೆ ತಿಂದರೆ ಗಳಗಂಡ (ಕುತ್ತಿಗೆ ಗಂಟು) ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜಾನಾ?

ಲ್ಯಾಬ್‌ಕೋಟು (ಬೆಳಗಾವಿ)

ಪೂರ್ತಿ ಸುಳ್ಳಲ್ಲ ಅಣ್ಣಾ. ಅಯೋಡಿನ್ ಬಳಸಿ ಕೆಲಸ ಮಾಡುವ ಗ್ರಂಥಿ ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್. ಸಜ್ಜೆಯಲ್ಲಿ ಅದರ ಕೆಲಸಕ್ಕೆ ಅಡ್ಡ ಬರುವ ಅಂಶ ಇದೆ, ಎಲೆಕೋಸು, ಹೂಕೋಸಿನಲ್ಲೂ ಬೇರೆ ರೀತಿಯದು ಇದೆ. ಆದರೆ ಅದು ತೊಂದರೆ ಕೊಡುವುದು ಅಯೋಡಿನ್ ಮೊದಲೇ ಕಡಿಮೆ ಇರುವ ಕಡೆ, ವರ್ಷವಿಡೀ ಅದನ್ನೇ ತಿನ್ನುವವರಿಗೆ. ಅಯೋಡಿನ್ ಉಪ್ಪು ತಿನ್ನುತ್ತಿದ್ದರೆ ರೊಟ್ಟಿ ಬಿಡಬೇಡಿ. ಜೊತೆಗೆ ಬೆಣ್ಣೆ, ಕಾಳು ಪಲ್ಯ ಇರಲಿ.

ಸರಿ, ಈಗ ಉಗುಳು.

ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಎಳೆದುಕೊಳ್ಳಲು ಒಂದು ಪ್ರೋಟೀನ್ ಇಟ್ಟುಕೊಂಡಿದೆ, ಬಾವಿಯಿಂದ ನೀರು ಎತ್ತುವ ರಾಟೆ ಇದ್ದ ಹಾಗೆ. ಅದೇ ರಾಟೆ ಜೊಲ್ಲಿನ ಗ್ರಂಥಿಗಳಲ್ಲೂ ಇದೆ. ಅದಕ್ಕೇ ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣದ ಅಯೋಡಿನ್ ಕೊಟ್ಟವರಿಗೆ ಕೆಲವೊಮ್ಮೆ ಬಾಯಿ ಒಣಗುತ್ತದೆ, ದವಡೆ ಹತ್ತಿರ ಊದಿಕೊಳ್ಳುತ್ತದೆ, ಔಷಧಿ ಅಲ್ಲಿಗೂ ಹೋಗಿ ಕೂತಿರುತ್ತದೆ. ಹೀಗೆ ಉಗುಳಿಗೆ ಬಂದ ಅಯೋಡಿನ್ ನುಂಗಿದಾಗ ಹೊಟ್ಟೆಗೆ ಹೋಗಿ ಮತ್ತೆ ರಕ್ತಕ್ಕೆ ಸೇರುತ್ತದೆ, ವ್ಯರ್ಥ ಆಗಲ್ಲ. ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ಉಗುಳಿನಲ್ಲಿ ಸಿಗುವುದರಿಂದ ಅಳೆಯುವುದು ಕಷ್ಟವಲ್ಲ.

ಅಳೆಯುವ ರೀತಿ ಮೂತ್ರಕ್ಕೂ ಉಗುಳಿಗೂ ಒಂದೇ ತರಹ ಮಾಡಬಹುದು. 1930ರ ದಶಕದಲ್ಲಿ ಸ್ಯಾಂಡೆಲ್ ಮತ್ತು ಕೋಲ್ತಾಫ್ ಅನ್ನುವ ಇಬ್ಬರು ವಿಜ್ಞಾನಿಗಳು ತೋರಿಸಿದ ಕ್ರಿಯೆ ಇದು. ಸೀರಿಯಂ ದ್ರಾವಣ ಹಳದಿ ಬಣ್ಣ, ಅರಿಶಿನ ನೀರಿನ ಹಾಗೆ. ಅದಕ್ಕೆ ಆರ್ಸೆನಿಕ್‌ನ ದ್ರಾವಣ ಸೇರಿಸಿದರೆ ನಿಧಾನವಾಗಿ ಬಣ್ಣ ಹೋಗುತ್ತದೆ, ಅಯೋಡಿನ್ ಇದ್ದರೆ ಬೇಗ ಹೋಗುತ್ತದೆ. ಜಾಸ್ತಿ ಅಯೋಡಿನ್ ಇದ್ದಷ್ಟೂ ಹಳದಿ ಬೇಗ ಬಿಳುಚುತ್ತದೆ. ಮೊದಲ ಸಲ ಒಂದೇ ತಟ್ಟೆಯಲ್ಲಿ ಸಾಲು ಸಾಲು ಗುಳಿಗಳು ಬೇರೆ ಬೇರೆ ವೇಗದಲ್ಲಿ ಬಿಳುಚುವುದನ್ನು ನೋಡಿದಾಗ ನಾನು ಟೈಮರ್ ಒತ್ತುವುದನ್ನೇ ಮರೆತು ನೋಡುತ್ತ ನಿಂತಿದ್ದೆ, ಅಷ್ಟು ಚೆಂದ. ಆರ್ಸೆನಿಕ್ ವಿಷ, ಹಾಗಾಗಿ ಇದು ಶಾಲೆಯಲ್ಲಿ ಮಾಡುವ ಕೆಲಸ ಅಲ್ಲ, ಲ್ಯಾಬ್ ಬೇಕೇ ಬೇಕು. ದುಡ್ಡಿರುವ ಲ್ಯಾಬ್‌ಗಳಲ್ಲಿ ದೊಡ್ಡ ಮಷಿನ್‌ನಲ್ಲಿ ನೇರವಾಗಿ ಅಳೆಯುತ್ತಾರೆ.

ಕೆಂಪು ಕುಂಕುಮ (ಸಿಂದಗಿ)

ನಾನು ಆಶಾ ಕಾರ್ಯಕರ್ತೆ. ಟೀಚರ್ ಅಕ್ಕಾ, ನಿಮ್ಮ ಹುಡುಗಿಯರು ಗೋಡೆ ಪಕ್ಕ ನಿಂತದ್ದು ಓದಿ ನಮ್ಮೂರೇ ಕಣ್ಣ ಮುಂದೆ ಬಂತು. ದೊಡ್ಡವಳಾದ ಹುಡುಗಿಯನ್ನು ಮೂತ್ರ ಕೊಡು ಅಂತ ಕೇಳುವುದು, ಅದೂ ಮುಟ್ಟಿನ ದಿನ ಆಗಿದ್ದರೆ ಅವಳು ಸತ್ತರೂ ಕೊಡಲ್ಲ, ಕಾರಣವನ್ನೂ ಹೇಳಲ್ಲ.

ಆದರೆ ಉಗುಳು ಅಂದರೆ ಸಲೀಸು ಅಂತ ಅಂದ್ಕೋಬೇಡಿ. ಅದು ಎಂಜಲು ಅಲ್ವಾ. ನಾನು ಕಫ ಪರೀಕ್ಷೆಗೆ ಡಬ್ಬಿ ಕೊಡಲು ಹೋದಾಗ ಒಬ್ಬ ಅಜ್ಜಿ "ನನ್ನ ಎಂಜಲು ನಿನ್ನ ಕೈಗೆ ಕೊಡಲೇನು ಮಗಳೇ" ಅಂತ ಹಿಂದೆ ಸರಿದರು. ನಾಚಿಕೆಗಲ್ಲ, ನನ್ನ ಮೇಲಿನ ಮರ್ಯಾದೆಗೆ. ಮುಚ್ಚಳ ಅವರೇ ಹಾಕಿ, ಹೊರಗೆ ಒರೆಸಿ, ಚೀಲಕ್ಕೆ ಅವರೇ ಹಾಕುವ ಹಾಗೆ ಮಾಡಿದೆ, ಆಮೇಲೆ ಕೊಟ್ಟರು. ಮಕ್ಕಳ ಜೊತೆ ಇಷ್ಟು ಕಷ್ಟ ಇರಲ್ಲ. ಹುಣಸೆಹಣ್ಣು ಅಂತ ಒಂದು ಸಲ ಅಂದರೆ ಸಾಕು, ಬಾಯಿ ತುಂಬ ನೀರು.

ಲ್ಯಾಬ್‌ಕೋಟು (ಬೆಳಗಾವಿ)

ಅಕ್ಕಾ, ನೀವು ಹೇಳಿದ ಎಂಜಲಿನ ಮಾತು ಬಹಳ ಮುಖ್ಯ, ಲ್ಯಾಬ್‌ನಲ್ಲಿ ಕೂತ ನಮಗೆ ಇದು ಹೊಳೆಯುವುದೇ ಇಲ್ಲ. ಆದರೆ ದಯವಿಟ್ಟು ಹುಣಸೆಹಣ್ಣು ಮಾತ್ರ ಬೇಡ! ಉಗುಳು ಜೋರಾಗಿ ಹರಿದರೆ ಅದರಲ್ಲಿ ಅಯೋಡಿನ್ ತೆಳ್ಳಗಾಗುತ್ತದೆ, ನಿಧಾನವಾಗಿ ಬಂದರೆ ಗಟ್ಟಿ. ಒಬ್ಬ ಹುಡುಗ ಹುಣಸೆ ನೆನೆದು ಕೊಟ್ಟ, ಇನ್ನೊಬ್ಬ ಬಾಯಿ ಒಣಗಿಸಿಕೊಂಡು ಕೊಟ್ಟ ಅಂದರೆ ಹೋಲಿಸಲು ಆಗಲ್ಲ. ಎಲ್ಲರದ್ದೂ ಒಂದೇ ರೀತಿ ತೆಗೆಯಬೇಕು. ಸುಮ್ಮನೆ ಕೂತು, ತಲೆ ಸ್ವಲ್ಪ ಬಗ್ಗಿಸಿ, ತಾನಾಗಿ ಬಂದ ಜೊಲ್ಲು ಡಬ್ಬಿಗೆ ಬೀಳಬೇಕು. ಅದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ಹಲ್ಲು ಉಜ್ಜಬಾರದು. ಗಂಟಲು ನೋವಿಗೆ ಅಯೋಡಿನ್ ಇರುವ ಕಂದು ಔಷಧಿಯಲ್ಲಿ ಬಾಯಿ ಮುಕ್ಕಳಿಸಿದ್ದರೆ ಆ ಮಾದರಿ ಪೂರ್ತಿ ಕೆಟ್ಟ ಹಾಗೆ.

ಇನ್ನು ಕೇಳಿ, ನಮ್ಮ ಕಡೆಗೆ ಬಹಳ ಬೇಕಾದ ಮಾತು. ಬೀಡಿ, ಸಿಗರೇಟ್ ಸೇದುವವರ ಮೈಯಲ್ಲಿ ಥಯೋಸೈನೇಟ್ ಅಂತ ಒಂದು ವಸ್ತು ಜಾಸ್ತಿ ಇರುತ್ತದೆ, ಉಗುಳಿನಲ್ಲಂತೂ ಇನ್ನೂ ಜಾಸ್ತಿ. ಅದು ನಾನು ಹೇಳಿದ ಆ ರಾಟೆಗೇ ಕೈ ಹಾಕಿ ಅಯೋಡಿನ್ ಬರದ ಹಾಗೆ ತಡೆಯುತ್ತದೆ. ಅಷ್ಟೇ ಅಲ್ಲ, ಲ್ಯಾಬ್‌ನಲ್ಲಿ ಹಳದಿ ಬಿಳುಚುವ ಕ್ರಿಯೆಯನ್ನೂ ಕೆಡಿಸುತ್ತದೆ, ಅದಕ್ಕೇ ಮಾದರಿಯನ್ನು ಮೊದಲು ರಾಸಾಯನಿಕದಲ್ಲಿ ಕಾಯಿಸಿ ಶುದ್ಧ ಮಾಡಿಕೊಳ್ಳಬೇಕು. ಎಲೆ ಅಡಿಕೆ ಹಾಕುವವರ ಕೆಂಪು ಉಗುಳಿನಲ್ಲಿ ಬಣ್ಣ ನೋಡುವ ಪರೀಕ್ಷೆ ಹೇಗೆ ಮಾಡುವುದು ಹೇಳಿ. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಬೋರ್‌ವೆಲ್ ನೀರಿಗೆ ಇಳಿದಿದ್ದರೆ ಅದೂ ಅದೇ ರಾಟೆಗೆ ಅಡ್ಡ ಬರುತ್ತದೆ. ಹಾಗಾಗಿ ದೊಡ್ಡವರಿಗಿಂತ ಶಾಲಾ ಮಕ್ಕಳಲ್ಲೇ ಉಗುಳಿನ ಪರೀಕ್ಷೆಗೆ ಹೆಚ್ಚು ಅರ್ಥ ಇದೆ ಅಂತ ನನ್ನ ಅನಿಸಿಕೆ.

ಗುಮ್ಮಟದೂರು (ವಿಜಯಪುರ)

ಎಲ್ಲಾ ಓದಿದೆ. ಸರ್, ನೇರವಾಗಿ ಹೇಳಿಬಿಡಿ, ಉಗುಳು ಒಳ್ಳೆಯದಾ, ಮೂತ್ರ ಒಳ್ಳೆಯದಾ? ನಮ್ಮ ಊರಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಮಕ್ಕಳ ಮೂತ್ರ ಅರಿಶಿನದ ಹಾಗೆ ಇರುತ್ತದೆ. ಆಗ ಸರ್ವೆ ಮಾಡಿದರೆ ಊರಿಗೆ ಊರೇ ಅಯೋಡಿನ್ ಚೆನ್ನಾಗಿದೆ ಅಂತ ಬರಲ್ವಾ?

ಲ್ಯಾಬ್‌ಕೋಟು (ಬೆಳಗಾವಿ)

ಬರಬಹುದು ಅಣ್ಣಾ, ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಇಡೀ ಊರು ಒಂದೇ ದಿಕ್ಕಿಗೆ ವಾಲಿದರೆ ನಡುವಿನ ನಂಬರ್ ಕೂಡ ವಾಲುತ್ತದೆ. ಅದಕ್ಕೇ ಕೆಲವರು ಮಾಂಸಖಂಡದಿಂದ ಬಂದು ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಅನ್ನುವ ವಸ್ತುವನ್ನೂ ಜೊತೆಗೆ ಅಳೆದು ಸರಿಮಾಡುತ್ತಾರೆ, ಆದರೆ ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ, ಸೊರಗಿದ ಮಕ್ಕಳಲ್ಲಿ ಅದೂ ತಪ್ಪು ದಾರಿಗೆ ಒಯ್ಯುತ್ತದೆ. ಕುಡಿದ ನೀರಿನ ಪರಿಣಾಮ ಉಗುಳಿನ ಮೇಲೆ ಮೂತ್ರದಷ್ಟು ಇರಲ್ಲ ಅನ್ನುವುದೇ ಉಗುಳಿನ ಪರ ದೊಡ್ಡ ವಾದ. ಬಾಯಿ ಪೂರ್ತಿ ಒಣಗಿದರೆ ಮಾತ್ರ ಅಲ್ಲೂ ಕಷ್ಟ.

ಚೀನಾದಲ್ಲಿ ಶಾಲಾ ಮಕ್ಕಳ ಮೇಲೆ ನೋಡಿದಾಗ ಉಗುಳಿನ ಅಯೋಡಿನ್ ಮೂತ್ರದ್ದರ ಜೊತೆಗೇ ಏರಿ ಇಳಿಯುವುದು ಕಂಡಿತು. ನೆದರ್ಲೆಂಡ್ಸ್‌ನಲ್ಲಿ ದೊಡ್ಡವರ ಮೇಲೆ, ಒಬ್ಬೊಬ್ಬರ ಸ್ಥಿತಿ ಹೇಳಲು ಬಳಸಿ ನೋಡಿದಾಗ, ನಂಬಿಕೆಗೆ ನಿಲ್ಲಲಿಲ್ಲ. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಬಹಳ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮತ್ತೆ ಅದೇ ಮಾತಿಗೆ ಬರುತ್ತೇವೆ, ಗುಂಪಿಗೆ ಉಪಯೋಗ ಆಗಬಹುದು, ಹೆಸರಿನ ಮುಂದೆ ಬರೆಯಲು ಅಲ್ಲ. ಮೂತ್ರಕ್ಕೆ 100 ಅಂತ ಒಪ್ಪಿದ ಗೆರೆ ಇದೆ, ಉಗುಳಿಗೆ ವಿಶ್ವ ಆರೋಗ್ಯ ಸಂಸ್ಥೆ ಅಂಥ ಗೆರೆ ಹಾಕಿಲ್ಲ. ಇವತ್ತು ನಿಮ್ಮ ಶಾಲೆಯಲ್ಲಿ ಉಗುಳು ಅಳೆದರೂ ಆ ನಂಬರನ್ನು ಯಾವುದಕ್ಕೆ ಹೋಲಿಸುವುದು? ಅದಕ್ಕೇ ಸದ್ಯಕ್ಕೆ ಒಂದಿಷ್ಟು ಮಕ್ಕಳಲ್ಲಿ ಎರಡನ್ನೂ ತೆಗೆದು ಹೋಲಿಸುವುದು ಸರಿ ಅಂತ ನನಗೆ ಅನಿಸುತ್ತದೆ. ಮುಂದೆ ಗೆರೆ ಬಂದರೆ ನಿಮ್ಮ ಆರನೇ ಕ್ಲಾಸಿನ ಹುಡುಗಿಯರಿಗೆ ಬಾಟಲಿ ಹಿಡಿದು ಅಂಗಳ ದಾಟುವ ಕಷ್ಟ ತಪ್ಪುತ್ತದೆ. ಅದು ಸಣ್ಣ ವಿಷಯ ಅಲ್ಲ. ನಾಚಿಕೆಗೆ ಕೊಡದೇ ಉಳಿದವರ ನಂಬರ್ ಯಾವ ಪಟ್ಟಿಯಲ್ಲೂ ಇರಲ್ಲ ನೋಡಿ.

ಗುಮ್ಮಟದೂರು (ವಿಜಯಪುರ)

ಚೆನ್ನಾಗಿ ಹೇಳಿದಿರಿ. ಇನ್ನೊಂದು. ನನಗೆ ಬಿಪಿ, ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಮನೆಯವರು ಸೈಂಧವ ಉಪ್ಪು ತಂದಿದ್ದಾರೆ, ನೈಸರ್ಗಿಕ ಅಂತ. ಮೊಮ್ಮಕ್ಕಳೂ ಅದನ್ನೇ ತಿನ್ನುತ್ತಾರೆ.

ಕೆಂಪು ಕುಂಕುಮ (ಸಿಂದಗಿ)

ಕಾಕಾ, ಇದು ಬೇಡ. ಸೈಂಧವ ಉಪ್ಪಿರಲಿ, ಕಲ್ಲುಪ್ಪಿರಲಿ, ಮೇಲಿಂದ ಅಯೋಡಿನ್ ಸೇರಿಸದಿದ್ದರೆ ಅದರಲ್ಲಿ ಮಕ್ಕಳಿಗೆ ಸಾಕಾಗುವಷ್ಟು ಇರಲ್ಲ. ಸಮುದ್ರದ ಉಪ್ಪಲ್ಲಿ ಅಯೋಡಿನ್ ತಾನಾಗೇ ಇರುತ್ತೆ ಅಂತ ಬಹಳ ಜನ ಹೇಳುತ್ತಾರೆ, ಅದೂ ಸಾಲದು. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ನೋಡಿ ತನ್ನಿ. ಬಿಪಿಗೆ ಸೈಂಧವದಿಂದ ಲಾಭ ಇಲ್ಲ, ಅದೂ ಉಪ್ಪೇ.

ಲೆಕ್ಕದ ಹುಡುಗ (ಗೋಕಾಕ)

ಇಲ್ಲಿ ಲೆಕ್ಕ ಸ್ವಲ್ಪ ಬಿಗಿ ಇದೆ ಕಾಕಾ. ಕಾನೂನಿನ ಪ್ರಕಾರ ಉಪ್ಪು ನಮ್ಮ ಕೈ ಸೇರುವಾಗ ಅದರಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೊಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150, ಗರ್ಭಿಣಿಗೆ 250. ಹತ್ತು ಗ್ರಾಂ ತಿಂದರೆ 150 ಬರುತ್ತದೆ. ಆದರೆ ಉಪ್ಪು 5 ಗ್ರಾಂಗಿಂತ ಕಡಿಮೆ ತಿನ್ನಿ ಅನ್ನುತ್ತಾರೆ, ಆಗ 75 ಮಾತ್ರ. ಹಾಗಾಗಿ ಉಪ್ಪು ಕಡಿಮೆ ಮಾಡಿದಷ್ಟೂ ತಿನ್ನುವ ಉಪ್ಪಲ್ಲಿ ಅಯೋಡಿನ್ ಸರಿಯಾಗಿ ಉಳಿದಿರಬೇಕು. ಜನ ಉಪ್ಪು ಕಡಿಮೆ ಮಾಡುತ್ತ ಹೋದರೆ ಉಪ್ಪಿಗೆ ಸೇರಿಸುವ ಅಯೋಡಿನ್ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ, ಅದನ್ನು ತಿಳಿಯಲಿಕ್ಕೇ ಈ ಮೂತ್ರ, ಉಗುಳು ಎಲ್ಲಾ ಆಗಾಗ ನೋಡುತ್ತಿರಬೇಕು.

ಕೃಷ್ಣೆ ತೀರ (ಬೀಳಗಿ)

ನಮ್ಮ ಅಪ್ಪ ಹೇಳುತ್ತಿದ್ದರು, ಇದೆಲ್ಲ ಉಪ್ಪಿನ ಕಂಪನಿಗಳ ವ್ಯಾಪಾರ ಅಂತ.

ಲ್ಯಾಬ್‌ಕೋಟು (ಬೆಳಗಾವಿ)

ಅಣ್ಣಾ, ಇದು ಕಂಪನಿಯಿಂದ ಶುರುವಾದದ್ದಲ್ಲ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಕಣಿವೆಯನ್ನು ಭಾಗ ಮಾಡಿ ಕೆಲವು ಕಡೆ ಅಯೋಡಿನ್ ಉಪ್ಪು, ಒಂದು ಕಡೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಮಕ್ಕಳ ಗಳಗಂಡ ಇಳಿಯಿತು. ಅದರ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. 1992ರಲ್ಲಿ ಹೆಸರು ಬದಲಾಗಿ ಅಯೋಡಿನ್ ಕೊರತೆ ಕಾಯಿಲೆಗಳ ಕಾರ್ಯಕ್ರಮ ಆಯಿತು, ಯಾಕಂದರೆ ಕುತ್ತಿಗೆ ಗಂಟಷ್ಟೇ ಅಲ್ಲ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ವಿಷಯ ಇದು.

ಟೀಚರ್ ಅಕ್ಕಾ, ಆ ಮಾತ್ರೆ ಏನಾಯಿತು? ವೈದ್ಯರನ್ನು ಕೇಳದೆ ಅಯೋಡಿನ್ ಮಾತ್ರೆ ಕೊಡುವುದು ಬೇಡ, ಜಾಸ್ತಿ ಆದರೂ ಥೈರಾಯ್ಡ್ ಕೆಡುತ್ತದೆ.

ಕಪ್ಪುಹಲಗೆ (ಜಮಖಂಡಿ)

ಎರಡು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಭಾನುವಾರ ಅವರ ಮನೆಗೆ ಹೋಗಿದ್ದೆ. ನೀರಿನ ವಿಷಯ, 131ರ ವಿಷಯ ಎಲ್ಲಾ ಬಿಡಿಸಿ ಹೇಳಿದೆ. ತಾಯಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ಹಾಗಾದರೆ ನನ್ನ ಮಗಳು ಚೆನ್ನಾಗಿದ್ದಾಳೆ ಅಂತಲಾ?" ಅಂದರು. ನಾನು ಹೇಳಿದೆ, ಚೆನ್ನಾಗಿಲ್ಲ ಅಂತ ಹೇಳಲು ಆ ನಂಬರ್ ಸಾಲದು, ವೈದ್ಯರಿಗೆ ತೋರಿಸೋಣ. ಸೋಮವಾರ ಕರೆದುಕೊಂಡು ಹೋದೆವು. ವೈದ್ಯರು ಕುತ್ತಿಗೆ ಮುಟ್ಟಿ ನೋಡಿದರು, ನೀರು ಕುಡಿಸಿ ನುಂಗುವಾಗ ನೋಡಿದರು, ರಕ್ತ ತೆಗೆಸಿದರು. ಎಲ್ಲಾ ಸರಿ ಇದೆ, ಮಾತ್ರೆ ಬೇಡ ಅಂದರು.

ಆದರೆ ಅವರ ಅಡುಗೆಮನೆಯಲ್ಲಿ ಒಂದು ಕಂಡಿತು. ಒಲೆ ಪಕ್ಕದಲ್ಲೇ ಉಪ್ಪಿನ ಮಣ್ಣಿನ ಗಡಿಗೆ, ಮುಚ್ಚಳ ಇಲ್ಲ. ಒಳಗೆ ಹರಳುಪ್ಪು, ನೀರು ಬಿಟ್ಟುಕೊಂಡು ಒದ್ದೆ ಒದ್ದೆ. ನಮ್ಮೂರಿನ ಆಶಾ ಅಕ್ಕನನ್ನು ಕರೆಸಿದೆ. ಉಪ್ಪಿನಲ್ಲಿ ಅಯೋಡಿನ್ ಇದೆಯಾ ಅಂತ ನೋಡುವ ಕಿಟ್ ತಂದು ಚಿಟಿಕೆ ಉಪ್ಪಿನ ಮೇಲೆ ಅದರ ಒಂದು ಹನಿ ಹಾಕಿದರು, ಬಣ್ಣ ಬದಲಾಗಲಿಲ್ಲ. ಎರಡನೇ ಬಾಟಲಿಯ ಹನಿ ಹಾಕಿ ಮತ್ತೆ ಮೊದಲಿನದನ್ನು ಹಾಕಿದರು, ಆಗಲೂ ಇಲ್ಲ. ಪಕ್ಕದ ಮನೆಯಿಂದ ಪ್ಯಾಕೆಟ್ ಉಪ್ಪು ತಂದು ಹಾಕಿದಾಗ ಅಲ್ಲೇ ಕಣ್ಣೆದುರು ನೇರಳೆ ಬಣ್ಣಕ್ಕೆ ತಿರುಗಿತು. ಹುಡುಗಿ ಬಗ್ಗಿ ನೋಡುತ್ತಿದ್ದವಳು "ಅವ್ವಾ, ನೇರಳೆ ಹಣ್ಣಿನ ಬಣ್ಣ" ಅಂದಳು. ನನಗೆ ಇಷ್ಟು ದಿನದ ಪಟ್ಟಿಗಿಂತ ಆ ಒಂದು ಹನಿ ಜಾಸ್ತಿ ಹೇಳಿತು.

ಈ ಶನಿವಾರ ಎಲ್ಲಾ ಮಕ್ಕಳಿಗೂ ಮನೆ ಉಪ್ಪು ಒಂದು ಚಮಚ ಕಾಗದದಲ್ಲಿ ಕಟ್ಟಿಕೊಂಡು ಬನ್ನಿ ಅಂತ ಹೇಳಿದ್ದೇನೆ. ಪೊಟ್ಟಣದ ಮೇಲೆ ಹೆಸರು ಬರೆಸುತ್ತಿಲ್ಲ. ಕೆಂಪು ಗೆರೆ ಎಳೆದ ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಗೆ ಹೇಳಿ ಬೀರುವಿನಲ್ಲಿ ಇಡಿಸಿದ್ದೇನೆ.

ಕೆಂಪು ಕುಂಕುಮ (ಸಿಂದಗಿ)

ಅಕ್ಕಾ, ಓದಿ ಬಹಳ ಖುಷಿಯಾಯಿತು. ಶನಿವಾರಕ್ಕೆ ಮುಂಚೆ ಕಿಟ್ ಮೇಲಿನ ದಿನಾಂಕ ನೋಡಿಕೊಳ್ಳಿ, ಅವಧಿ ಮುಗಿದಿದ್ದರೆ ಒಳ್ಳೆ ಉಪ್ಪಿಗೂ ಬಣ್ಣ ಬರಲ್ಲ. ಮೊದಲು ಅಯೋಡಿನ್ ಇದೆ ಅಂತ ಗೊತ್ತಿರುವ ಹೊಸ ಪ್ಯಾಕೆಟ್‌ಗೆ ಹನಿ ಹಾಕಿ ನೋಡಿ, ಆಮೇಲೆ ಮಕ್ಕಳದ್ದು ಶುರು ಮಾಡಿ. ಬಿಸಿಯೂಟದ ಅಡುಗೆಮನೆಯ ಉಪ್ಪನ್ನೂ ಸಾಲಿನಲ್ಲಿ ಇಡಿ.

ಲ್ಯಾಬ್‌ಕೋಟು (ಬೆಳಗಾವಿ)

ಹೌದು, ಅದನ್ನು ಮರೆಯಬೇಡಿ. ಆ ಕಿಟ್ ಇದೆಯೋ ಇಲ್ಲವೋ ಅಂತ ಹೇಳುತ್ತದೆ, ಎಷ್ಟಿದೆ ಅಂತ ನಿಖರವಾಗಿ ಹೇಳಲ್ಲ. ಬಣ್ಣ ಬರದ ಪೊಟ್ಟಣಗಳನ್ನು ಬೇರೆ ಇಡಿ ಅಕ್ಕಾ, ಒದ್ದೆ ತಾಗದ ಹಾಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮುಂದಿನ ವಾರ ನಾನು ಬಾಗಲಕೋಟೆಗೆ ಬರುವವನಿದ್ದೇನೆ, ಒಯ್ದು ಸರಿಯಾಗಿ ಅಳೆದು ಹೇಳುತ್ತೇನೆ.